‘ಕಲಿಕೆಗೆ ತೊಂದರೆಯಿಲ್ಲ’ ಎಂಬ ಮುದ್ರೆ: ಶಾಲೆಯ ಎರಡು ತಪಾಸಣೆಗಳ ವಿಮರ್ಶೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಳೆದ ವರ್ಷ ಎರಡು ತಪಾಸಣೆಗಳು ನಡೆದವು. ಮೊದಲನೆಯದು ಖಾಸಗಿ ಸಂಸ್ಥೆಯೊಂದು ನಡೆಸಿಕೊಟ್ಟ ಉಚಿತ ಕಣ್ಣಿನ ಶಿಬಿರ. ಎರಡನೆಯದು, ಅದಾಗಿ ನಾಲ್ಕು ತಿಂಗಳ ಬಳಿಕ, ಆಸುಪಾಸಿನ ಶಾಲೆಗಳಿಗೆ ನೆರವಾಗುವ ಸರಕಾರಿ ಬ್ಲಾಕ್ ರಿಸೋರ್ಸ್ ಸೆಂಟರಿನಿಂದ ವಾರಕ್ಕೊಮ್ಮೆ ಬರುವ ರಿಸೋರ್ಸ್ ಟೀಚರ್ (ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರು) ಮಾಡಿದ ಕಲಿಕಾ ತಪಾಸಣೆ. ಮೂರನೇ ತರಗತಿಯ ನನ್ನ ಮಗಳು ಎರಡಕ್ಕೂ ಹಾಜರಿದ್ದಳು. ಎರಡೂ ಒಂದೇ ಕೆಲಸದ ಎರಡು ಹೆಸರೆಂದು ನಾನು ಭಾವಿಸಿದ್ದೆ.

ಶಿಬಿರದ ವ್ಯವಸ್ಥೆಯಲ್ಲಿ ಕೊರತೆ ಹೇಳುವಂತಿರಲಿಲ್ಲ. ಮಕ್ಕಳನ್ನು 6 ಮೀಟರ್ ದೂರದಲ್ಲಿ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಸಾಲುಸಾಲಾಗಿ ಅಕ್ಷರಗಳು ಚಿಕ್ಕದಾಗುತ್ತ ಹೋಗುವ ಸ್ನೆಲ್ಲೆನ್ ಚಾರ್ಟ್ ಓದಿಸಿದರು. ಅಲ್ಲಿಯೇ ಮೂವರು ಮಕ್ಕಳಿಗೆ ಕನ್ನಡಕ ಬೇಕೆಂದು ತಿಳಿಯಿತು. ಅದು ಸಣ್ಣ ಉಪಕಾರವಲ್ಲ. ನನ್ನ ಆಕ್ಷೇಪವಿರುವುದು ಅವರು ಕೊಟ್ಟ ಚೀಟಿಯ ಬಗ್ಗೆ. ಮಗಳ ಚೀಟಿಯಲ್ಲಿ ಎರಡೂ ಕಣ್ಣಿಗೆ 6/6, ಅಂದರೆ ದೂರದೃಷ್ಟಿ ಸಹಜ, ಎಂದು ಬರೆದು, ಕೆಳಗೆ ‘ಕಲಿಕೆಗೆ ತೊಂದರೆಯಿಲ್ಲ’ ಎಂಬ ಮುದ್ರೆ ಒತ್ತಿದ್ದರು. ದೂರದ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆಯೇ ಎಂಬುದನ್ನಷ್ಟೇ ಆ ಚಾರ್ಟ್ ಹೇಳಬಲ್ಲುದು. ಕಣ್ಣು ಕಂಡದ್ದನ್ನು ಮೆದುಳು ಹೇಗೆ ಬಿಡಿಸಿಕೊಳ್ಳುತ್ತದೆ, ಯಾವ ಗುರುತು ಯಾವುದರ ಕೆಳಗಿತ್ತೆಂದು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದು ಅದರ ಅಳತೆಗೆ ಸಿಗುವ ವಿಷಯವಲ್ಲ. ಆ ಮುದ್ರೆಯನ್ನು ನಂಬಿ ನಾಲ್ಕು ತಿಂಗಳು ನಾನು ಮಗಳನ್ನು ‘ಉದಾಸೀನದವಳು’ ಎಂದು ಬೈದೆ.

ರಿಸೋರ್ಸ್ ಟೀಚರ್ ಮೊದಲು ಅವಳ ನೋಟ್‌ಪುಸ್ತಕಗಳನ್ನು ತರಿಸಿಕೊಂಡು, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಪುಟ ತಿರುಗಿಸಿದರು. ಬೋರ್ಡಿನಿಂದ ನೋಡಿ ಬರೆದ ‘ಸ್ವಾತಂತ್ರ್ಯ’ ಎಂಬ ಪದ ‘ಸಾತಂತಯ’ ಆಗಿತ್ತು. ಅದೇ ಪದವನ್ನು ಬಾಯಲ್ಲಿ ಬಿಡಿಸಿ ಹೇಳೆಂದಾಗ ಮಗಳು ಒಂದು ಒತ್ತನ್ನೂ ಬಿಡದೆ ಹೇಳಿದಳು. 48ಕ್ಕೆ 27 ಕೂಡಿಸುವ ಲೆಕ್ಕದಲ್ಲಿ ಕೆಳಗಿನ ಸಂಖ್ಯೆ ಒಂದು ಮನೆ ಎಡಕ್ಕೆ ಸರಿದು ಉತ್ತರ 318 ಬಂದಿತ್ತು. ಅವಳು ಕೂಡಿಸಿದ್ದು ಸರಿಯಾಗಿಯೇ ಇತ್ತು, ಜಾರಿದ್ದು ಸಾಲು ಮಾತ್ರ. ದಕಾರಕ್ಕೂ ಧಕಾರಕ್ಕೂ ನಡುವೆ ಇರುವುದು ಹೊಟ್ಟೆಯ ಒಂದು ಸೀಳು, ಪಕಾರಕ್ಕೂ ಷಕಾರಕ್ಕೂ ನಡುವೆ ಒಂದು ಗೀಟು. ಅಕ್ಷರದ ಕೆಳಗೆ ಒತ್ತು, ಅದರ ಪಕ್ಕದಲ್ಲಿ ಇನ್ನೊಂದು ಎಂದು ಪೇರಿಸುವ ನಮ್ಮ ಲಿಪಿಯಲ್ಲಿ, ಕಣ್ಣು ಸರಿಯಿದ್ದೂ ಕಂಡದ್ದನ್ನು ಬಿಡಿಸಿಕೊಳ್ಳಲು ತೊಡಕಿರುವ ಇಂಥ ಮಕ್ಕಳಿಗೆ ಎಡವಲು ಜಾಗ ಬಹಳವಿದೆ.

ಈ ಕಾರಣಕ್ಕಾಗಿಯೇ ತಪಾಸಣೆ ಮಗು ಕಲಿಯುವ ಭಾಷೆಯಲ್ಲಿ ನಡೆಯಬೇಕು. ನಡುವೆ ನಾವು ಹಣ ಕೊಟ್ಟು ಹೋಗಿದ್ದ ಪೇಟೆಯ ಕೇಂದ್ರವೊಂದರಲ್ಲಿ ಮಲಯಾಳದ ಮತ್ತು ಇಂಗ್ಲಿಷಿನ ಹಾಳೆಗಳನ್ನಷ್ಟೇ ಮುಂದಿಟ್ಟರು. ಅದರಿಂದ ತಿಳಿದದ್ದು ಮಗಳಿಗೆ ಮಲಯಾಳ ಇನ್ನೂ ಸರಿಯಾಗಿ ಬಾರದೆಂಬುದು ಮಾತ್ರ, ಅದಕ್ಕೆ ಶುಲ್ಕ ಬೇಕಿರಲಿಲ್ಲ. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ (ಓದು-ಬರಹ ಕಲಿಯುವಲ್ಲಿನ ತೊಡಕು) ಪರೀಕ್ಷಾ ಸಾಧನ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆಗೆ ಕನ್ನಡದಲ್ಲಿಯೂ ಇರುವಾಗ, ಕನ್ನಡ ಮಕ್ಕಳು ಇಷ್ಟೊಂದು ಇರುವ ಜಿಲ್ಲೆಯ ಕೇಂದ್ರದಲ್ಲಿ ಕನ್ನಡದ ಒಂದು ಹಾಳೆಯೂ ಇಲ್ಲದಿರುವುದಕ್ಕೆ ನೆಪ ಸಾಲದು. ಅದೇ ಕೇಂದ್ರ ಬಣ್ಣದ ಕನ್ನಡಕವನ್ನೂ ಸೂಚಿಸಿತ್ತು; ನಾವು ಕೊಳ್ಳಲಿಲ್ಲ. ಬಣ್ಣದ ಮಸೂರದಿಂದಾಗಲಿ ಕಣ್ಣಿನ ವ್ಯಾಯಾಮದಿಂದಾಗಲಿ ಕಲಿಕಾ ನ್ಯೂನತೆ ಸರಿಹೋಗುತ್ತದೆ ಎನ್ನಲು ವೈಜ್ಞಾನಿಕ ಆಧಾರ ಸಾಲದೆಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರತಜ್ಞರ ಸಂಘಟನೆಗಳು 2009ರಲ್ಲಿಯೇ ಜಂಟಿಯಾಗಿ ಹೇಳಿವೆ.

ಶಾಲೆ ಮಾಡಿಕೊಟ್ಟ ಅನುಕೂಲಗಳಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ, ಏಕೆಂದರೆ ಅವರು ನ್ಯೂನತೆಯ ಪ್ರಮಾಣಪತ್ರಕ್ಕಾಗಿ ಕಾಯುತ್ತ ಕೂರಲಿಲ್ಲ. ಮಗಳನ್ನು ಮುಂದಿನ ಬೆಂಚಿಗೆ ತಂದರು, ಬೋರ್ಡಿನಲ್ಲಿ ಬರೆಯುವುದನ್ನು ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಅಂತರ ಬಿಟ್ಟು ಮುದ್ರಿಸಿ ಅವಳ ಕೈಗೆ ಕೊಟ್ಟರು, ಲೆಕ್ಕಕ್ಕೆ ಚೌಕದ ಪುಸ್ತಕ ಮಾಡಿಸಿದರು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಹಳೆಯ ಮದುವೆ ಕಾಗದದ ದಪ್ಪ ಹಾಳೆ. ಅದರ ನಡುವೆ ಒಂದು ಸಾಲು ಮಾತ್ರ ಕಾಣುವಷ್ಟು ಕಿಂಡಿ ಕತ್ತರಿಸಿ ಟೀಚರ್ ಪಾಠಪುಸ್ತಕದ ಮೇಲಿಟ್ಟರು, ಒತ್ತುಗಳು ಕತ್ತರಿಸಿಹೋಗದಂತೆ ಕೆಳಗಡೆ ಸ್ವಲ್ಪ ಹೆಚ್ಚು ಜಾಗ ಬಿಟ್ಟಿದ್ದರು. ಮಗಳು ಅದನ್ನು ಕೆಳಕ್ಕೆ ಜಾರಿಸುತ್ತ ಓದುತ್ತಾಳೆ. ಸಾಲು ಹಾರಿಹೋಗುವುದು ಬಹಳ ಕಡಿಮೆಯಾಗಿದೆ.

ಇದೆಲ್ಲ ಮಾಸ್ತರರ ದಾಕ್ಷಿಣ್ಯದಿಂದ ಸಿಗಬೇಕಾದದ್ದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯ ವ್ಯಾಖ್ಯೆಯಲ್ಲಿ ಗ್ರಹಿಕೆಯ ತೊಂದರೆಗಳನ್ನೂ ಸೇರಿಸಿದೆ. ಅದನ್ನು ಆದಷ್ಟು ಬೇಗ ಗುರುತಿಸಿ ಕ್ರಮ ಕೈಗೊಳ್ಳಬೇಕೆಂದು 16ನೇ ಕಲಂ ಹೇಳಿದರೆ, 17ನೇ ಕಲಂ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಗಳನ್ನು ಹೆಸರಿಸುತ್ತದೆ. ಈ ಕೊನೆಯ ವಿನಾಯಿತಿಯನ್ನು ನಾವು ಸದ್ಯ ಕೇಳಿಲ್ಲ. ಬಸ್ಸಿನ ಬೋರ್ಡಿನಿಂದ ಹಿಡಿದು ಪಂಚಾಯತಿನ ಅರ್ಜಿಯ ತನಕ ಮಲಯಾಳ ಕಾಣುವ ಊರಿನಲ್ಲಿ ಆ ಭಾಷೆಯನ್ನು ಕೈಬಿಡುವುದು ಸುಲಭದ ನಿರ್ಧಾರವಲ್ಲ.

ಕೊರತೆಯೊಂದನ್ನು ಹೇಳಲೇಬೇಕು. ರಿಸೋರ್ಸ್ ಟೀಚರ್ ನಮಗೆ ಸಿಗುವುದು ವಾರಕ್ಕೆ ಒಂದೇ ದಿನ, ಜಿಲ್ಲಾಧಿಕಾರಿಗಳು ಆ ದಿನವೇ ಮಳೆಯ ರಜೆ ಸಾರಿದರೆ ಆ ವಾರ ಇಲ್ಲವೆಂದೇ ಲೆಕ್ಕ. ಜುಲೈಯಲ್ಲಿ ಹೀಗೆ ಎರಡು ವಾರ ಹೋಯಿತು. ಆದ್ದರಿಂದ ಅವರು ಬರುವ ದಿನವನ್ನು ತರಗತಿಯ ಟೀಚರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಹೋಗುವಾಗ ಮಗುವಿನ ನೋಟ್‌ಪುಸ್ತಕಗಳನ್ನು, ಅದರಲ್ಲಿಯೂ ಬೋರ್ಡು ನೋಡಿ ಬರೆದ ಪುಟಗಳನ್ನು, ತಿದ್ದಿ ಅಂದಗೊಳಿಸದೆ ಇದ್ದ ಹಾಗೆಯೇ ಒಯ್ಯಿರಿ.