ಊರ ಉತ್ಸವದ ಆಲ್ಬಮ್ ಒಬ್ಬರ ಜಿಮೇಲ್‌ನಲ್ಲಿದೆಯೇ? ಇವತ್ತೇ ನೋಡಿಕೊಳ್ಳಿ

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ದೇವಸ್ಥಾನದ ಬ್ರಹ್ಮಕಲಶ ಉತ್ಸವದ ಫೋಟೊಗಳು ಈಗ ಇಲ್ಲ. ಹೊರೆಕಾಣಿಕೆ ಮೆರವಣಿಗೆ, ತಂತ್ರಿಗಳ ಸ್ವಾಗತ, ಮಕ್ಕಳ ಕುಣಿತ ಭಜನೆ, ರಾತ್ರಿಯ ಯಕ್ಷಗಾನ, ಊಟದ ಪಂಕ್ತಿಯಲ್ಲಿ ಕುಳಿತ ಊರ ಹಿರಿಯರು, ಎಲ್ಲವೂ ಹೋದವು. ಲಿಂಕ್ ಮಾತ್ರ ವಾಟ್ಸಾಪ್ ಗುಂಪುಗಳಲ್ಲಿ ಹಾಗೆಯೇ ಬಿದ್ದಿದೆ. ಒತ್ತಿದರೆ ಒಂದು ಖಾಲಿ ಆಲ್ಬಮ್ ತೆರೆಯುತ್ತದೆ. ಕುಂಬಳೆಯಿಂದ ಪೆರ್ಲದವರೆಗೆ, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಈಗ ಪ್ರತಿ ಜಾತ್ರೆಗೂ ದೈವದ ಕೋಲಕ್ಕೂ ಇದೇ ರೀತಿಯ ಆಲ್ಬಮ್ ಮಾಡುತ್ತಾರೆ. ಆದ್ದರಿಂದ ಅಲ್ಲಿ ಏನಾಯಿತು ಎಂಬುದನ್ನು ಪೂರ್ತಿ ಹೇಳಬೇಕಾಗಿದೆ.

ಸಮಿತಿಯ ಒಬ್ಬ ಉತ್ಸಾಹಿ ಹುಡುಗ ತನ್ನ ಸ್ವಂತ ಜಿಮೇಲ್ ಖಾತೆಯಿಂದ ಗೂಗಲ್ ಫೋಟೋಸ್‌ನಲ್ಲಿ ಆಲ್ಬಮ್ ತೆರೆದ. ಸ್ಟುಡಿಯೊದವರ ಕ್ಯಾಮೆರಾದ ಚಿತ್ರ, ತನ್ನ ಮೊಬೈಲಿನ ಚಿತ್ರ, ಎಲ್ಲವನ್ನೂ ಅದಕ್ಕೇ ಹಾಕಿದ. ಉಚಿತವಾಗಿ ಸಿಗುವುದು 15 ಜಿಬಿ, ಅದೂ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಜೆಪೆಗ್ ಸುಮಾರು 10 ಎಂಬಿ ಇರುತ್ತದೆ. ಅಂದರೆ 1500 ಚಿತ್ರಕ್ಕೆ ಜಾಗ ಮುಗಿಯಿತು. ನಡುವೆ 4ಕೆ ವಿಡಿಯೊ ಇದ್ದರೆ ನಿಮಿಷಕ್ಕೆ 350 ಎಂಬಿಯಷ್ಟು ಹೋಗುತ್ತದೆ. ಜಾಗ ತುಂಬಿದ ಮೇಲೆ ಫೋಟೊ ಏರುವುದಷ್ಟೇ ಅಲ್ಲ, ಮೇಲ್ ಬರುವುದೂ ಹೋಗುವುದೂ ನಿಲ್ಲುತ್ತದೆ. ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ ಹುಡುಗ ಗಾಬರಿಯಿಂದ ಗೂಗಲ್ ಫೋಟೋಸ್ ಆ್ಯಪ್ ತೆರೆದು ದೊಡ್ಡ ಫೈಲುಗಳನ್ನೆಲ್ಲ ಅಳಿಸಿದ. ಆಲ್ಬಮ್‌ನಲ್ಲಿ ಹೇಗೂ ಇವೆಯಲ್ಲ ಎಂಬ ನಂಬಿಕೆ.

ಅಲ್ಲೇ ಎಲ್ಲರೂ ಎಡವುವುದು. ಗೂಗಲ್ ಫೋಟೋಸ್‌ನ ಆಲ್ಬಮ್‌ನಲ್ಲಿ ಚಿತ್ರದ ಇನ್ನೊಂದು ಪ್ರತಿ ಇರುವುದಿಲ್ಲ. ಪುಸ್ತಕದ ಪರಿವಿಡಿಯ ಹಾಗೆ, ಯಾವ ಚಿತ್ರ ಎಲ್ಲಿದೆ ಎಂದು ಅದು ತೋರಿಸುತ್ತದೆ, ಅಷ್ಟೆ. ಮೂಲ ಚಿತ್ರ ಅಳಿದರೆ ಆಲ್ಬಮ್‌ನಿಂದಲೂ ಹೋಯಿತು, ಲಿಂಕ್ ಇದ್ದ ಎಲ್ಲರ ಕಣ್ಣಿನಿಂದಲೂ ಹೋಯಿತು. ಬೇರೆಯವರು ಸೇರಿಸಿದ ಚಿತ್ರಗಳಿಗೂ ಇದೇ ನಿಯಮ: ಅವರು ತಮ್ಮ ಖಾತೆಯಲ್ಲಿ ಅಳಿಸಿದ ದಿನ ಅದು ನಿಮ್ಮ ಆಲ್ಬಮ್‌ನಲ್ಲಿಯೂ ಇರುವುದಿಲ್ಲ. ಆ್ಯಪ್‌ನಲ್ಲಿರುವ 'ಫ್ರೀ ಅಪ್ ಸ್ಪೇಸ್' ಬೇರೆ, 'ಡಿಲೀಟ್' ಬೇರೆ. ಮೊದಲನೆಯದು ಬ್ಯಾಕಪ್ ಆದ ಚಿತ್ರಗಳನ್ನು ಮೊಬೈಲಿನಿಂದ ಮಾತ್ರ ತೆಗೆಯುತ್ತದೆ; ಅದರಿಂದ 15 ಜಿಬಿಯಲ್ಲಿ ಜಾಗವೇನೂ ಬಿಡುವಾಗುವುದಿಲ್ಲ. ಎರಡನೆಯದು ಎರಡೂ ಕಡೆಯಿಂದ ತೆಗೆಯುತ್ತದೆ. ಬ್ಯಾಕಪ್ ಆಗಿದ್ದ ಚಿತ್ರ ಆ್ಯಪ್‌ನ ಕಸದ ಬುಟ್ಟಿಯಾದ ಬಿನ್‌ನಲ್ಲಿ 60 ದಿನ ಇರುತ್ತದೆ, ಆಮೇಲೆ ಯಾರು ಕೇಳಿದರೂ ಸಿಗದು.

ಅಳಿಸಿದ್ದು ಬೇಸಗೆಯ ಕೊನೆಗೆ. ಮಳೆ ಬಲವಾಗಿ ಹಿಡಿದು ಆಟಿ (ಆಷಾಢದ ಹೊತ್ತಿನ) ತಿಂಗಳು ಕಳೆದು ಸ್ಮರಣ ಸಂಚಿಕೆಯ ಕೆಲಸಕ್ಕೆ ಸಮಿತಿ ಕುಳಿತಾಗ ವಿಷಯ ತಿಳಿಯಿತು. ಅಷ್ಟರಲ್ಲಿ ಬಿನ್ ಖಾಲಿ. ಉಳಿದದ್ದು ವಾಟ್ಸಾಪ್‌ನಲ್ಲಿ ಓಡಾಡಿದ ಚಿತ್ರಗಳು ಮಾತ್ರ. ವಾಟ್ಸಾಪ್ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸುವಾಗ ಚಿತ್ರದ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲಿಗೆ ಇಳಿಸುತ್ತದೆ. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. 1600ಕ್ಕೆ ಐದೂಕಾಲು ಇಂಚಿಗಿಂತ ತುಸು ಹೆಚ್ಚು ಬರುತ್ತದೆ. ಎ4 ಪುಟ ತುಂಬಬೇಕಾದರೆ 2480 ಗುಣಿಸು 3508 ಬೇಕು. ಕಲಶಾಭಿಷೇಕದ ಚಿತ್ರವನ್ನು ಪುಟ ತುಂಬ ಹಾಕಿದರೆ ತಂತ್ರಿಗಳ ಮುಖ ಮಸುಕು ಮಸುಕಾಗಿ ಕಾಣುವುದು ಇದರಿಂದಲೇ. ಫೇಸ್‌ಬುಕ್‌ನಿಂದ ಇಳಿಸಿಕೊಂಡರೂ 2048 ಪಿಕ್ಸೆಲಿಗಿಂತ ಹೆಚ್ಚು ನಿರೀಕ್ಷಿಸಬೇಡಿ.

ಇದೇ ಆಲ್ಬಮ್‌ಗೆ ಇನ್ನೊಂದು ಅನಾಹುತ ಮೊದಲೇ ಆಗಿತ್ತು. ಲಿಂಕಿನ ಕ್ಯೂಆರ್ ಕೋಡನ್ನು ದ್ವಾರದ ಬಳಿಯ ಫ್ಲೆಕ್ಸ್‌ನಲ್ಲಿ ಅಚ್ಚು ಹಾಕಿಸಿದ್ದರು. 'ಲಿಂಕ್ ಶೇರಿಂಗ್' ತೆರೆದಿತ್ತು, 'ಕೊಲ್ಯಾಬರೇಟ್' ಕೂಡ ತೆರೆದಿತ್ತು. ದಾರಿಹೋಕರು ಯಾರು ಬೇಕಾದರೂ ನೋಡಬಹುದು, ಗೂಗಲ್ ಖಾತೆ ಇದ್ದವರು ಏನು ಬೇಕಾದರೂ ಸೇರಿಸಬಹುದು. ಸಾಲ ಕೊಡುವ ಆ್ಯಪ್‌ಗಳ ಜಾಹೀರಾತು ಬಂದು ಸೇರಿತು. ಅದನ್ನಾದರೂ ಅಳಿಸಬಹುದು. ಕುಣಿತ ಭಜನೆಯ ಹುಡುಗಿಯೊಬ್ಬಳ ಚಿತ್ರ ಇನ್‌ಸ್ಟಾಗ್ರಾಮ್‌ನ ನಕಲಿ ಖಾತೆಯೊಂದರಲ್ಲಿ ಕಾಣಿಸಿಕೊಂಡದ್ದು ಮನೆಯವರ ನಿದ್ದೆ ಕೆಡಿಸಿತು. ಹೀಗಾದರೆ ಮೊದಲು ಆ ಖಾತೆಯ ಸ್ಕ್ರೀನ್‌ಶಾಟ್ ಮತ್ತು ವಿಳಾಸ ಉಳಿಸಿಕೊಳ್ಳಿ, ಆಮೇಲೆ ರಿಪೋರ್ಟ್ ಮಾಡಿ. ರಿಪೋರ್ಟ್ ಮೊದಲಾದರೆ ಖಾತೆ ಮಾಯವಾಗಿ ದೂರು ಕೊಡಲು ಸಾಕ್ಷಿ ಇರುವುದಿಲ್ಲ. ಕೇಂದ್ರ ಸರಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರ ಮತ್ತು ಮಕ್ಕಳ ದೂರಿಗೆ ಪ್ರತ್ಯೇಕ ವಿಭಾಗವೇ ಇದೆ.

ಅಚ್ಚಾದ ಕೋಡನ್ನು ಹಿಂದಕ್ಕೆ ಕರೆಸಿಕೊಳ್ಳಲಾಗದು. ಆಲ್ಬಮ್‌ನ ಆಪ್ಶನ್ಸ್‌ಗೆ ಹೋಗಿ ಲಿಂಕ್ ಶೇರಿಂಗ್ ಮುಚ್ಚಿದರೆ ಹಳೆಯ ಲಿಂಕ್ ಸಾಯುತ್ತದೆ. ಉತ್ಸವ ಮುಗಿದ ವಾರದೊಳಗೆ ಇಷ್ಟಾದರೂ ಮಾಡಿ. ಮಕ್ಕಳ ಚಿತ್ರಗಳಿಗೆ ಬೇರೆ ಆಲ್ಬಮ್ ಮಾಡಿ, ಹೆತ್ತವರ ಖಾತೆಗಳಿಗೆ ಮಾತ್ರ ಹೆಸರು ಹಾಕಿ ಕಳಿಸಿ. ಕೋಲದಲ್ಲಿ ದೈವದ ಅಲಂಕಾರವಾದ ಅಣಿ ಕಟ್ಟುವ ಹೊತ್ತಿನ, ಯಕ್ಷಗಾನದ ಬಣ್ಣದ ಮನೆಯಾದ ಚೌಕಿಯಲ್ಲಿ ವೇಷ ಪೂರ್ತಿಯಾಗದ ಕಲಾವಿದರ ಚಿತ್ರವನ್ನು ಅವರನ್ನು ಕೇಳದೆ ಹಾಕಲೇಬೇಡಿ. ಕೆಲವು ಸ್ಥಾನಗಳಲ್ಲಿ ಫೋಟೊಕ್ಕೇ ನಿಷೇಧವಿದೆ, ಮೊದಲು ಗುರಿಕಾರರನ್ನೋ ಮೊಕ್ತೇಸರರನ್ನೋ ವಿಚಾರಿಸಬೇಕು.

ಮನೆಯ ಉಪನಯನ, ಮದುವೆ, ಗೃಹಪ್ರವೇಶದ ಚಿತ್ರಗಳಲ್ಲಿ ಜಾಗದ ಗುರುತಿನ ಬಗ್ಗೆ ವಿಶೇಷ ಎಚ್ಚರ ಬೇಕು. ಕ್ಯಾಮೆರಾದಲ್ಲಿ 'ಲೊಕೇಶನ್ ಟ್ಯಾಗ್' ಚಾಲೂ ಇದ್ದರೆ ಪ್ರತಿ ಚಿತ್ರದೊಳಗೆ ಅಕ್ಷಾಂಶ ರೇಖಾಂಶ ಬರೆದಿರುತ್ತದೆ. ಪೇಟೆಯಲ್ಲಿ ಅದು ಒಂದು ಕಟ್ಟಡವನ್ನು ತೋರಿಸೀತು, ಅದರಲ್ಲಿ ಹತ್ತಾರು ಮನೆ. ನಮ್ಮ ಕಡೆ ಅಡಿಕೆ ತೋಟದ ನಡುವೆ ಮನೆಗಳು ಒಂದೊಂದೇ; ಗುರುತು ನೇರ ಅಂಗಳಕ್ಕೇ ಬಂದು ನಿಲ್ಲುತ್ತದೆ. ಮೈತುಂಬ ಚಿನ್ನ ಹಾಕಿದ ಚಿತ್ರದ ಜೊತೆ ಇದೂ ಹೋದರೆ ಬೇರೆ ಹೇಳಬೇಕಾಗಿಲ್ಲ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಈ ಮಾಹಿತಿ ಕಳಚಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟವೂ ಉಳಿಯುತ್ತದೆ, ಮಾಹಿತಿಯೂ ಉಳಿಯುತ್ತದೆ. ಗೂಗಲ್ ಆಲ್ಬಮ್‌ನ ಆಪ್ಶನ್ಸ್‌ನಲ್ಲಿ 'ಶೇರ್ ಫೋಟೊ ಲೊಕೇಶನ್' ಮುಚ್ಚಿಡಿ. ಇಡೀ ಮನೆಯವರು ಜಾತ್ರೆಯಲ್ಲಿರುವ ಚಿತ್ರವನ್ನು ಮನೆಗೆ ಮರಳಿದ ಮೇಲೆ ಹಾಕಿದರೆ ಏನೂ ನಷ್ಟವಿಲ್ಲ.

ದುಬೈಯಲ್ಲಿರುವ ನಮ್ಮವರು ಆಲ್ಬಮ್ ನೋಡುವವರಷ್ಟೇ ಅಲ್ಲ, ಎಷ್ಟೋ ಕಡೆ ಖಾತೆಯ ಒಡೆಯರೂ ಅವರೇ. ಖಾತೆಗೆ ಕೊಟ್ಟ ನಂಬರ್ ಅಲ್ಲಿಯ ಸಿಮ್‌ನದ್ದು. ಊರಿಗೆ ಮರಳಿ ಆ ಸಿಮ್ ರದ್ದಾದ ಮೇಲೆ ಒಟಿಪಿ ಬರುವ ದಾರಿ ಇಲ್ಲ. ಮೊಬೈಲ್ ಬದಲಾಯಿಸಿದ ದಿನ ಖಾತೆಗೆ ಹೊರಗಿನಿಂದ ಬೀಗ ಬಿದ್ದ ಹಾಗೆಯೇ. ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸತೊಡಗಿದೆ. ತೀರಿಕೊಂಡ ಹಿರಿಯರ ಖಾತೆಯಲ್ಲಿರುವ ತರವಾಡಿನ (ಕುಟುಂಬದ ಮೂಲ ಮನೆಯ) ಚಿತ್ರಗಳಿಗೂ ಇದು ಅನ್ವಯ. ತಾಣಗಳೇ ಮುಚ್ಚುವುದೂ ಹೊಸತಲ್ಲ. ಆರ್ಕುಟ್ 2014ರಲ್ಲಿ, ಪಿಕಾಸಾ ವೆಬ್ ಆಲ್ಬಮ್ಸ್ 2016ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿದವು. ಫ್ಲಿಕರ್ 2019ರಿಂದ ಉಚಿತ ಖಾತೆಗೆ 1000 ಚಿತ್ರಗಳ ಮಿತಿ ಹಾಕಿತು.

ಹಾಗಾಗಿ ಸಮಿತಿಯ ಹೆಸರಿನಲ್ಲೇ ಒಂದು ಖಾತೆ ತೆರೆಯಿರಿ. ಊರಲ್ಲೇ ಇರುವವರ ನಂಬರ್ ಕೊಡಿ, ಮರುಪಡೆಯುವ ಮೇಲ್ ವಿಳಾಸ ಇನ್ನೊಬ್ಬರದ್ದಿರಲಿ, ಒಟಿಪಿ ಬಾರದಾಗ ಖಾತೆ ತೆರೆಯಲು ಗೂಗಲ್ ಕೊಡುವ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಲೆಕ್ಕಪುಸ್ತಕದ ಜೊತೆ ಇಡಿ. ಆಲ್ಬಮ್ ನೋಡುವುದಕ್ಕೆ ಮಾತ್ರ ಇರಲಿ; ಮೂಲ ಚಿತ್ರಗಳು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ, ಎರಡು ಬೇರೆ ಮನೆಗಳಲ್ಲಿ. ನಕಲು ಮಾಡಿದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ತಾಳೆ ನೋಡಿ. ನಮ್ಮ ಮಳೆಗಾಲದ ತೇವಕ್ಕೆ ಡಿವಿಡಿಗೆ ಬೂಸ್ಟು ಹಿಡಿಯುತ್ತದೆ, ಅದನ್ನು ನಂಬಬೇಡಿ. ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಆರು ತಿಂಗಳಿಗೊಮ್ಮೆ ಕಂಪ್ಯೂಟರಿಗೆ ಜೋಡಿಸಿ ತೆರೆದು ನೋಡಿ.

ಈಗಾಗಲೇ ಆಲ್ಬಮ್ ಇದ್ದರೆ, ಖಾತೆಯಲ್ಲಿರುವುದನ್ನು ಇಳಿಸಿಕೊಳ್ಳಲು ಗೂಗಲ್ ಕೊಟ್ಟಿರುವ ಟೇಕೌಟ್ ತಾಣಕ್ಕೆ ಹೋಗಿ, 'ಡಿಸೆಲೆಕ್ಟ್ ಆಲ್' ಒತ್ತಿ, ಫೋಟೋಸ್ ಮಾತ್ರ ಆರಿಸಿ, ಅದರಲ್ಲಿ ಬೇಕಾದ ಆಲ್ಬಮ್ ಗುರುತು ಮಾಡಿ, 10 ಜಿಬಿಯ ಜಿಪ್ ಕೇಳಿ. ಇಳಿಸುವ ಕೊಂಡಿ ಸುಮಾರು ಏಳು ದಿನ ಮಾತ್ರ ಇರುತ್ತದೆ. ನೀವು ಬರೆದ ವಿವರಣೆಗಳು ಚಿತ್ರದೊಳಗೆ ಬರುವುದಿಲ್ಲ, ಪಕ್ಕದ ಜೆಸನ್ (json) ಎಂಬ ಅಕ್ಷರದ ಫೈಲಿನಲ್ಲಿರುತ್ತವೆ, ಅದನ್ನು ಕಸವೆಂದು ಎಸೆಯಬೇಡಿ. ಬೇರೆಯವರು ಸೇರಿಸಿದ ಚಿತ್ರಗಳನ್ನು ಮೊದಲು ಸಮಿತಿಯ ಖಾತೆಗೆ 'ಸೇವ್' ಮಾಡಿಕೊಳ್ಳಿ, ಇಲ್ಲವಾದರೆ ಜಿಪ್‌ನಲ್ಲಿ ಬರುತ್ತವೆಂದು ನಂಬುವ ಹಾಗಿಲ್ಲ.

ಇನ್ನು ಸ್ಟುಡಿಯೊ. ಕಾರ್ಡುಗಳನ್ನು ಮುಂದಿನ ಮದುವೆಗೆ ಬಳಸುವವರು ಹಳೆಯ ಫೈಲುಗಳನ್ನು ಹೆಚ್ಚು ಕಾಲ ಇಟ್ಟುಕೊಳ್ಳುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಮಾತುಕತೆಯ ದಿನವೇ ಹೇಳಿಬಿಡಿ: ಆರಿಸಿದ ಚಿತ್ರಗಳ ಪುಸ್ತಕ ಮಾತ್ರ ಸಾಲದು, ತೆಗೆದ ಅಷ್ಟೂ ಮೂಲ ಫೈಲು ಸಮಿತಿಯ ಡಿಸ್ಕಿಗೆ ಬರಬೇಕು, ಅದನ್ನು ತೆರೆದು ನೋಡಿದ ಮೇಲೆ ಬಾಕಿ ಹಣ.