ಹಳೆ ಹಾಡಿಗೆ ಜಾಗ ಬಿಟ್ಟುಕೊಟ್ಟ ಆಲ್ಬಂ: ಲಿಂಡಾ ರಾನ್‌ಸ್ಟಾಟ್ ಅವರ ‘ವಾಟ್ಸ್ ನ್ಯೂ’

ಹಳೆ ಹಾಡುಗಳನ್ನು ಮತ್ತೆ ಹಾಡುತ್ತೇನೆ ಅಂತ ಯಾರಾದರೂ ಹೊರಟರೆ ನನಗೆ ಮೊದಲು ಆಗುವುದು ಭಯ. ನಮ್ಮಲ್ಲೇ ನೋಡಿ, ಚೆಂದದ ಒಂದು ಭಾವಗೀತೆಯನ್ನೋ ಅರವತ್ತರ ದಶಕದ ಚಿತ್ರಗೀತೆಯನ್ನೋ ಎತ್ತಿಕೊಂಡು, ಕೆಳಗೆ ಒಂದು ಬೀಟ್ ಹಾಕಿ, ಒಂದು ಚರಣ ಕತ್ತರಿಸಿ, ಹಾಡಿಗೆ ಉಸಿರಾಡುವುದಕ್ಕೂ ಜಾಗ ಇಲ್ಲದ ಹಾಗೆ ಮಾಡಿಟ್ಟಿದ್ದನ್ನು ಎಷ್ಟು ಸಲ ಕೇಳಿದ್ದೇವೆ ಅಲ್ವಾ. ಅದಕ್ಕೇ ಈ ಆಲ್ಬಂ ಬಗ್ಗೆ ಬರೆಯಬೇಕು ಅನ್ನಿಸಿತು. 1983ರದ್ದು. ಅಮೆರಿಕದ ಗಾಯಕಿ ಲಿಂಡಾ ರಾನ್‌ಸ್ಟಾಟ್ ಹಾಡಿದ್ದು. ಒಂಬತ್ತೇ ಹಾಡು, ಎಲ್ಲ ಸೇರಿ ನಲವತ್ತು ನಿಮಿಷವೂ ಇಲ್ಲ. ಹಳೆ ಹಾಡನ್ನು ಹೇಗೆ ಮುಟ್ಟಬೇಕು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಕೈಗೆ ಕೊಡುತ್ತೇನೆ.

ಲಿಂಡಾ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಅರಿಝೋನಾದ ಟೂಸಾನ್ ಊರಿನವರು, ಹುಟ್ಟಿದ್ದು 1946ರಲ್ಲಿ. ಎಪ್ಪತ್ತರ ದಶಕದಲ್ಲಿ ರಾಕ್ ಮತ್ತು ಕಂಟ್ರಿ ಹಾಡುಗಳಿಂದ ಅಮೆರಿಕದಲ್ಲಿ ಮನೆಮಾತಾಗಿದ್ದರು. ‘ಯೂ ಆರ್ ನೋ ಗುಡ್’, ‘ಬ್ಲೂ ಬಾಯೂ’ ಎಲ್ಲ ಅವರದೇ. ಅವರದೇ ಅಂದೆ, ಆದರೆ ಅವೂ ಬೇರೆಯವರು ಮೊದಲು ಹಾಡಿದ್ದ ಹಾಡುಗಳು. ಹಾಡು ಬರೆಯುವುದು ಅವರ ಕೆಲಸ ಆಗಿರಲೇ ಇಲ್ಲ. ಒಳ್ಳೆಯ ಹಾಡು ಹುಡುಕಿ ಹಾಡುವುದು ಅವರ ಕೆಲಸ. ಅದನ್ನು ಕೀಳು ಅಂತ ನೋಡುವವರು ಇದ್ದಾರೆ. ನಮಗೆ ಅದು ಅರ್ಥವೇ ಆಗುವುದಿಲ್ಲ, ಯಾಕೆಂದರೆ ದಾಸರ ಪದವನ್ನೋ ವಚನವನ್ನೋ ಹಾಡಿದವರನ್ನು ‘ನೀವೇ ಬರೆದದ್ದಾ’ ಅಂತ ನಾವು ಯಾವತ್ತೂ ಕೇಳಿದವರಲ್ಲ.

1983 ಅಂದರೆ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಕಾಲ. ಮೈಕೇಲ್ ಜಾಕ್ಸನ್ ಅವರ ‘ಥ್ರಿಲ್ಲರ್’ ಎಲ್ಲೆಲ್ಲೂ ಕೇಳಿಸುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಒಬ್ಬ ರಾಕ್ ಗಾಯಕಿ, ತನ್ನ ಅಪ್ಪ ಅಮ್ಮ ಕೇಳಿ ಬೆಳೆದ ಹಾಡುಗಳನ್ನು, ಅದೂ ಪೂರ್ತಿ ಆರ್ಕೆಸ್ಟ್ರಾ ಇಟ್ಟುಕೊಂಡು ಹಾಡುತ್ತೇನೆ ಅಂದರೆ ರೆಕಾರ್ಡ್ ಕಂಪನಿಯವರಿಗೆ ಹೇಗಾಗಿರಬೇಡ. ಅವರಿಗೆ ಇದು ಇಷ್ಟವೇ ಇರಲಿಲ್ಲ. ಅದಕ್ಕೆ ಮೊದಲು, 1981ರಲ್ಲಿ, ಜೆರಿ ವೆಕ್ಸ್ಲರ್ ಎಂಬ ದೊಡ್ಡ ನಿರ್ಮಾಪಕರ ಜತೆ ಇದೇ ಥರದ ಹಾಡುಗಳನ್ನು ರೆಕಾರ್ಡ್ ಮಾಡಿ, ಅದು ಸರಿ ಬರದೆ ಕೈಬಿಟ್ಟಿದ್ದೂ ಆಗಿತ್ತು. ಒಂದು ಸಲ ಕೈಸುಟ್ಟುಕೊಂಡ ಮೇಲೂ ಹಟ ಬಿಡಲಿಲ್ಲ. ಈ ಹಟ ನನಗೆ ಬಹಳ ಇಷ್ಟ. ಕೊನೆಗೆ ಆಲ್ಬಂ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು, ಅಮೆರಿಕದಲ್ಲೇ 30 ಲಕ್ಷಕ್ಕಿಂತ ಜಾಸ್ತಿ ಮಾರಾಟವಾಯಿತು.

ಈಗ ಈ ಆಲ್ಬಂನ ನಿಜವಾದ ಗುಟ್ಟು. ಅದು ನೆಲ್ಸನ್ ರಿಡ್ಲ್. ಆರ್ಕೆಸ್ಟ್ರಾಕ್ಕೆ ಬರೆದವರು, ನಡೆಸಿದವರು ಅವರು. ಆಗ ಅವರಿಗೆ 62. ಐವತ್ತರ ದಶಕದಲ್ಲಿ ಫ್ರಾಂಕ್ ಸಿನಾಟ್ರಾ, ನ್ಯಾಟ್ ಕಿಂಗ್ ಕೋಲ್, ಎಲಾ ಫಿಟ್ಜೆರಾಲ್ಡ್ ಇವರ ಹಾಡುಗಳ ಹಿಂದೆ ಆರ್ಕೆಸ್ಟ್ರಾ ಹೇಗೆ ನಿಲ್ಲಬೇಕು ಅಂತ ತೋರಿಸಿಕೊಟ್ಟವರು ಇವರೇ. ರಾಕ್ ಬಂದ ಮೇಲೆ ಇಂಥವರನ್ನು ಕೇಳುವವರು ಕಡಿಮೆಯಾಗಿದ್ದರು. ಲಿಂಡಾ ಈ ರಿಡ್ಲ್ ಅವರನ್ನೇ ಹುಡುಕಿಕೊಂಡು ಹೋದರು. ‘ಆ ಥರ ಬರೆಯುವ’ ಬೇರೆ ಯಾರನ್ನೋ ಕರೆಯಲಿಲ್ಲ, ಬರೆದವರನ್ನೇ ಕರೆದರು. ಅಷ್ಟರಲ್ಲೇ ಅರ್ಧ ಗೆದ್ದ ಹಾಗೆ.

ಸಿನಾಟ್ರಾ 1958ರಲ್ಲಿ ‘ಓನ್ಲಿ ದ ಲೋನ್ಲಿ’ ಅನ್ನುವ ಆಲ್ಬಂ ಮಾಡಿದ್ದರು, ಅದರ ಆರ್ಕೆಸ್ಟ್ರಾವೂ ರಿಡ್ಲ್ ಅವರದೇ. ಲಿಂಡಾ ಹಾಡಿದ ಒಂಬತ್ತರಲ್ಲಿ ಮೂರು ಹಾಡು, ಅಂದರೆ ‘ವಾಟ್ಸ್ ನ್ಯೂ’, ‘ಗೆಸ್ ಐಲ್ ಹ್ಯಾಂಗ್ ಮೈ ಟಿಯರ್ಸ್ ಔಟ್ ಟು ಡ್ರೈ’ ಮತ್ತು ‘ಗುಡ್‌ಬೈ’, ಆ ಆಲ್ಬಂನಲ್ಲೂ ಇವೆ. ಹಾಗಾಗಿ ಒಬ್ಬರೇ ಮನುಷ್ಯ ಅದೇ ಹಾಡಿಗೆ 25 ವರ್ಷ ಬಿಟ್ಟು ಮತ್ತೆ ಹೇಗೆ ಬರೆಯುತ್ತಾರೆ ಅಂತ ಪಕ್ಕಪಕ್ಕ ಇಟ್ಟು ಕೇಳಬಹುದು. ದಯವಿಟ್ಟು ಒಂದು ಸಂಜೆ ಹಾಗೆ ಕೇಳಿ ನೋಡಿ. ಸಿನಾಟ್ರಾ ಹಾಡುವಾಗ ರಾತ್ರಿ ಎಲ್ಲರೂ ಎದ್ದು ಹೋದ ಮೇಲೂ ಒಬ್ಬನೇ ಕೂತಿರುವ ಗಂಡಸು ಕಾಣುತ್ತಾನೆ. ಲಿಂಡಾ ಹಾಡುವಾಗ ಹಗಲು ಬೆಳಕಿನಲ್ಲಿ, ನಾಲ್ಕು ಜನರ ಎದುರು ಮುಖ ಗಟ್ಟಿ ಮಾಡಿಕೊಂಡು ನಿಂತ ಹೆಂಗಸು ಕಾಣುತ್ತಾಳೆ. ಹಾಡು ಅದೇ, ದುಃಖದ ಜಾತಿ ಬೇರೆ.

‘ವಾಟ್ಸ್ ನ್ಯೂ’ ಹಾಡಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಇದರ ಧಾಟಿ ಮಾಡಿದ್ದು ಬಾಬ್ ಹ್ಯಾಗರ್ಟ್ ಅನ್ನುವ ಬೇಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ) ವಾದಕ. 1938ರಲ್ಲಿ ಅದು ಬರೀ ಟ್ರಂಪೆಟ್‌ಗೆ ಬರೆದ ರಚನೆ, ಮಾತು ಇರಲಿಲ್ಲ. ಮರುವರ್ಷ ಜಾನಿ ಬರ್ಕ್ ಸಾಹಿತ್ಯ ಬರೆದರು. ಹಳೆಯ ಪ್ರೇಮಿ ದಾರಿಯಲ್ಲಿ ಸಿಕ್ಕಿದ್ದಾನೆ. ಏನ್ ಸಮಾಚಾರ, ಹೇಗಿದ್ದೀಯ, ಏನೂ ಬದಲಾಗಿಲ್ಲ ನೀನು, ಇಷ್ಟೇ ಮಾತು. ಆ ಕಡೆಯ ಉತ್ತರ ನಮಗೆ ಕೇಳಿಸುವುದೇ ಇಲ್ಲ. ಕೊನೆಗೆ, ನಾನೂ ಬದಲಾಗಿಲ್ಲ, ಇನ್ನೂ ನಿನ್ನನ್ನೇ ಪ್ರೀತಿಸುತ್ತೇನೆ ಅನ್ನುವುದು ಬರುತ್ತದೆ. ಧಾಟಿಯಲ್ಲೂ ಒಂದು ಜಾಣತನ ಇದೆ. ಮೊದಲ ಎರಡು ಸಲ ಬಂದ ಧಾಟಿಯೇ ಮೂರನೇ ಸಲವೂ ಬರುತ್ತದೆ, ಆದರೆ ಮಧ್ಯಮವನ್ನೇ ಷಡ್ಜ ಮಾಡಿಕೊಂಡು, ಅಂದರೆ ಇಡೀ ಧಾಟಿಯನ್ನೇ ಮೇಲಿನ ಶ್ರುತಿಗೆ ಎತ್ತಿಕೊಂಡು. ಸಂಗೀತ ಕಲಿತವರಿಗೆ ಮಧ್ಯಮ ಶ್ರುತಿ ಅಂದರೆ ತಟ್ಟನೆ ಗೊತ್ತಾಗುತ್ತದೆ. ಮಾತು ಅದೇ ಕುಶಲೋಪರಿ, ಎದೆಬಡಿತ ಮಾತ್ರ ಮೇಲಕ್ಕೆ ಹೋಗಿದೆ. ಆಮೇಲೆ ಮತ್ತೆ ಮೊದಲಿನ ಜಾಗಕ್ಕೆ ಇಳಿಯುತ್ತದೆ, ಏನೂ ಆಗದವರ ಹಾಗೆ. ಲಿಂಡಾ ಇದನ್ನು ಅಲಂಕಾರ ಮಾಡಲು ಹೋಗುವುದಿಲ್ಲ. ಬಿರ್ಕಾ ಇಲ್ಲ, ಎಳೆದಾಟ ಇಲ್ಲ. ಒಂದೊಂದು ಮಾತನ್ನೂ ಬಿಡಿಸಿ, ಸ್ಪಷ್ಟವಾಗಿ, ಎದುರಿಗೆ ಮನುಷ್ಯ ನಿಂತಿದ್ದಾನೆ ಅನ್ನುವ ಹಾಗೆ ಹೇಳುತ್ತಾರೆ. ರಾಕ್ ವೇದಿಕೆಯಲ್ಲಿ ಗಂಟಲು ಬಿಚ್ಚಿ ಹಾಡುತ್ತಿದ್ದ ದನಿ ಅದು, ಬೇಕೆಂದರೆ ಇಡೀ ಆರ್ಕೆಸ್ಟ್ರಾವನ್ನು ಮುಚ್ಚಿಹಾಕಬಲ್ಲ ದನಿ. ಅದನ್ನು ಹಿಡಿದಿಟ್ಟಿದ್ದಾರೆ. ಆ ಹಿಡಿತ ನಮಗೆ ಕೇಳಿಸುತ್ತದೆ. ನನಗೆ ಪ್ರತಿ ಸಲ ಕಣ್ಣು ತುಂಬುವುದು ಅಲ್ಲೇ.

ರಿಡ್ಲ್ ಅವರ ಪಿಟೀಲುಗಳು ಹೇಗಿವೆ ಅಂದರೆ, ಒಳ್ಳೆಯ ಪಕ್ಕವಾದ್ಯದವರು ಇರುತ್ತಾರಲ್ಲ, ಗಾಯಕರು ಉಸಿರು ತೆಗೆದುಕೊಳ್ಳುವಾಗ ಮಾತ್ರ ಮುಂದೆ ಬಂದು, ಹಾಡು ಶುರುವಾದ ತಕ್ಷಣ ಹಿಂದೆ ಸರಿಯುವವರು, ಹಾಗೆ. ಜತೆಗೆ ಪಿಯಾನೋದಲ್ಲಿ ಡಾನ್ ಗ್ರೋಲ್ನಿಕ್, ಬೇಸ್‌ನಲ್ಲಿ ರೇ ಬ್ರೌನ್ ಇದ್ದಾರೆ. ಆ ಬೇಸ್ ಒಂದನ್ನೇ ಹಿಂಬಾಲಿಸಿಕೊಂಡು ಒಂದು ಸಲ ಕೇಳಿ. ಶೀರ್ಷಿಕೆ ಹಾಡಿನ ಆರ್ಕೆಸ್ಟ್ರಾ ರಚನೆಗೆ ರಿಡ್ಲ್ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂತು.

ಇನ್ನೆರಡು ಹಾಡು ಗರ್ಶ್ವಿನ್ ಸಹೋದರರದು, ಜಾರ್ಜ್ ಅವರ ಸಂಗೀತ, ಐರಾ ಅವರ ಸಾಹಿತ್ಯ. ‘ಸಮ್‌ಒನ್ ಟು ವಾಚ್ ಓವರ್ ಮಿ’ 1926ರದ್ದು, ‘ಐ ಹ್ಯಾವ್ ಗಾಟ್ ಎ ಕ್ರಷ್ ಆನ್ ಯೂ’ 1928ರದ್ದು. ಈ ಎರಡೂ ಹುಟ್ಟಿದಾಗ ವೇಗದ ಹಾಡುಗಳು. ನಾಟಕದ ಹಾಡುಗಳಾಗಿ ಬಂದವು, ಆಮೇಲೆ ಹಾಡುವವರು ನಡೆ ನಿಧಾನ ಮಾಡುತ್ತಾ ಮಾಡುತ್ತಾ ಈಗ ನಾವು ಕೇಳುವ ರೂಪಕ್ಕೆ ಬಂದವು. ಇದು ತಿಳಿದ ಮೇಲೆ ನನ್ನ ಒಂದು ಅಭಿಪ್ರಾಯ ಬದಲಾಯಿತು. ‘ಮೂಲದ ಹಾಗೇ ಹಾಡಬೇಕು’ ಅಂತ ನಾನು ಸುಮ್ನೆ ಹೇಳಿಕೊಂಡು ಓಡಾಡುತ್ತಿದ್ದೆ. ಮೂಲವನ್ನು ಮುಟ್ಟಬಾರದು ಅಂತೇನಿಲ್ಲ. ಬದಲಾವಣೆ ಹಾಡಿನ ಮಾತಿಗೆ ಜಾಗ ಕೊಡುತ್ತದಾ, ಇಲ್ಲಾ ಕಿತ್ತುಕೊಳ್ಳುತ್ತದಾ, ಅಷ್ಟನ್ನು ನೋಡಿದರೆ ಸಾಕು.

‘ವಾಟ್ ವಿಲ್ ಐ ಡೂ’ ಅರ್ವಿಂಗ್ ಬರ್ಲಿನ್ ಅವರ ವಾಲ್ಟ್ಜ್, ಅಂದರೆ ಮೂರೆಣಿಕೆಯ ನಡೆಯ ಹಾಡು. ಮಗು ಕೂಡ ಗುನುಗಬಹುದಾದಷ್ಟು ಸರಳ, ಆದ್ದರಿಂದಲೇ ಕಷ್ಟ. ಲಿಂಡಾ ಇಲ್ಲಿ ಗೆದ್ದಿದ್ದಾರೆ.

ಸೋತಿರುವುದು ‘ಲವರ್ ಮ್ಯಾನ್’ನಲ್ಲಿ. ಜಾಝ್ ಗಾಯಕಿ ಬಿಲಿ ಹಾಲಿಡೇ 1944ರಲ್ಲಿ ಅದನ್ನು ಹಾಡಿಟ್ಟಿದ್ದಾರೆ, ಕೇಳಿದವರಿಗೆ ಗೊತ್ತು. ಬಿಲಿ ತಾಳದ ಹಿಂದೆ ಹಿಂದೆ ನಡೆಯುತ್ತಾರೆ, ಮಾತು ತಡವಾಗಿ ಬಂದಷ್ಟೂ ಒಂಟಿತನ ಜಾಸ್ತಿಯಾಗುತ್ತದೆ. ಲಿಂಡಾ ತಾಳದ ಮೇಲೆಯೇ ನೇರವಾಗಿ ಹೆಜ್ಜೆ ಇಡುತ್ತಾರೆ. ಅವರು ಜಾಝ್ ಗಾಯಕಿ ಅಲ್ಲ, ಹಾಗೆ ತೋರಿಸಿಕೊಳ್ಳಲೂ ಹೋಗಿಲ್ಲ, ಆದರೆ ಈ ಹಾಡಿಗೆ ಅದು ಬೇಕಿತ್ತು. ಇನ್ನೊಂದು ತಕರಾರು ಇದೆ. ಒಂಬತ್ತೂ ಹಾಡು ವಿಳಂಬದಲ್ಲೇ ಇವೆ. ಒಂದಾದರೂ ಸ್ವಲ್ಪ ಚುರುಕಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಬೆಳಗ್ಗೆ ಅಡುಗೆ ಮಾಡುತ್ತಾ ಕೇಳುವ ಆಲ್ಬಂ ಇದಲ್ಲ, ಹಾಗೆ ಕೇಳಿದ ನನ್ನ ಅಕ್ಕನಿಗೆ ನಾಲ್ಕನೇ ಹಾಡಿಗೇ ಬೇಜಾರು ಬಂತು. ರಾತ್ರಿ ಊಟ ಮುಗಿದ ಮೇಲೆ, ಮನೆ ಸ್ತಬ್ಧ ಆದ ಮೇಲೆ ಹಾಕಿ.

ಇಂಥ ಪ್ರಯೋಗ ಮಾಡಿದವರಲ್ಲಿ ಲಿಂಡಾ ಮೊದಲಿಗರೇನಲ್ಲ. ಹ್ಯಾರಿ ನಿಲ್ಸನ್ 1973ರಲ್ಲೇ, ವಿಲ್ಲಿ ನೆಲ್ಸನ್ 1978ರಲ್ಲಿ ಹಳೆ ಹಾಡುಗಳ ಆಲ್ಬಂ ಮಾಡಿದ್ದರು. ಆಮೇಲಂತೂ ಸಾಲು. ರಾಡ್ ಸ್ಟೀವರ್ಟ್ 2002ರಿಂದ ಒಂದರ ಹಿಂದೆ ಒಂದು ತಂದರು. ಅವನ್ನೂ ಕೇಳಿದ್ದೇನೆ. ಹಿತವಾಗಿವೆ, ಆದರೆ ನನಗೆ ಎರಡನೇ ಸಲ ಕೇಳಬೇಕು ಅನ್ನಿಸಲಿಲ್ಲ.

ಕೊಳ್ಳುವವರಿಗೆ ಒಂದೆರಡು ಮಾತು. ನಾನು ವರ್ಷಗಟ್ಟಲೆ ಫೋನಿನಲ್ಲೇ ಕೇಳುತ್ತಿದ್ದೆ. ಕಳೆದ ತಿಂಗಳು ಹಳೆ ರೆಕಾರ್ಡ್ ಮಾರುವ ಒಂದು ಅಂಗಡಿಯಲ್ಲಿ ಎಲ್‌ಪಿ ಸಿಕ್ಕಿತು. ಕವರ್ ನೋಡಿಯೇ ಖುಷಿಯಾಯಿತು: ಹಳೆ ಕಾಲದ ಉಡುಪು ತೊಟ್ಟ ಲಿಂಡಾ ಮಿರಮಿರ ಸ್ಯಾಟಿನ್ ಮೇಲೆ ಮಲಗಿದ್ದಾರೆ, ಜತೆಗೆ ಆಗಿನ್ನೂ ಹೊಸದಾಗಿದ್ದ ವಾಕ್‌ಮನ್, ಅಂದರೆ ಕೈಯಲ್ಲಿ ಹಿಡಿಯುವ ಕ್ಯಾಸೆಟ್ ಪ್ಲೇಯರ್ ಇದೆ. ಆ ಒಂದು ಚಿತ್ರದಲ್ಲೇ ಇಡೀ ಆಲ್ಬಂ ಏನು ಅಂತ ಹೇಳಿಬಿಟ್ಟಿದ್ದಾರೆ. ಅಂಗಡಿಯವರು ಒಂದು ಗೀರೂ ಇಲ್ಲ ಅಂದರು, ನಾನೂ ನಂಬಿ ತಂದೆ. ಮನೆಗೆ ಬಂದು ಹಾಕಿದರೆ ಎರಡನೇ ಬದಿ ಪೂರ್ತಿ ಚಟಪಟ. ಜೋರು ರಾಕ್ ಹಾಡಾದರೆ ಒಂದೆರಡು ಗೀರು ಮುಚ್ಚಿಹೋಗುತ್ತವೆ, ಇದರಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಎಷ್ಟೋ ಕಡೆ ಒಂದು ಪಿಯಾನೋ, ಒಂದು ದನಿ, ಅಷ್ಟೇ ಇರುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ದೀಪದ ಕೆಳಗೆ ಓರೆಯಾಗಿ ಹಿಡಿದು ಎರಡೂ ಬದಿ ನೋಡಿ, ಸಾಧ್ಯವಾದರೆ ಅಲ್ಲೇ ಹಾಕಿಸಿ ಕೇಳಿ. ಅಷ್ಟೆಲ್ಲ ತಾಪತ್ರಯ ಬೇಡ ಅಂದರೆ ಸಿಡಿ ಅಥವಾ ಸ್ಟ್ರೀಮಿಂಗ್ ಸಾಕು. ಪೀಟರ್ ಆಶರ್ ನಿರ್ಮಾಣ, ಜಾರ್ಜ್ ಮ್ಯಾಸೆನ್‌ಬರ್ಗ್ ಧ್ವನಿಮುದ್ರಣ, ಹಾಗಾಗಿ ಯಾವುದರಲ್ಲಿ ಕೇಳಿದರೂ ಪಿಟೀಲು ಎಲ್ಲಿ ಕೂತಿದೆ, ಬೇಸ್ ಎಲ್ಲಿ ನಿಂತಿದೆ ಅಂತ ಬೆರಳು ಮಾಡಿ ತೋರಿಸಬಹುದು. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಬೇಡ. ಸಾಧಾರಣ ಹೆಡ್‌ಫೋನ್ ಆದರೂ ಸರಿ.

ಲಿಂಡಾ ಈಗ ಹಾಡುವುದಿಲ್ಲ. ನರಗಳ ಕಾಯಿಲೆಯಿಂದ ಹಾಡಲು ಆಗುತ್ತಿಲ್ಲ ಅಂತ 2013ರಲ್ಲಿ ಅವರೇ ಹೇಳಿದರು. ಅದು ಗೊತ್ತಾದ ಮೇಲೆ ಕೊನೆಯ ಹಾಡು ‘ಗುಡ್‌ಬೈ’ ಕೇಳುವುದು ಬೇರೆ ಥರವೇ ಆಗಿದೆ. ಗಾರ್ಡನ್ ಜೆಂಕಿನ್ಸ್ ಬರೆದ ಹಾಡು. ಬೆನ್ನಿ ಗುಡ್‌ಮನ್ ಅವರ ಬ್ಯಾಂಡ್ ತನ್ನ ಕಛೇರಿ ಮುಗಿಸುವಾಗ ನುಡಿಸುತ್ತಿದ್ದದ್ದು ಇದನ್ನೇ, ನಮ್ಮಲ್ಲಿ ಮಂಗಳ ಹಾಡಿದ ಹಾಗೆ.

ಇದು ಹಿಡಿಸಿದರೆ ಇದೇ ಜೋಡಿಯ ಇನ್ನೆರಡು ಆಲ್ಬಂ ಇವೆ. 1984ರ ‘ಲಷ್ ಲೈಫ್’ನಲ್ಲಿ ನಾನು ಬೇಕಿತ್ತು ಅಂದ ಆ ಚುರುಕಾದ ಹಾಡುಗಳೂ ಇವೆ, ಎರಡನೆಯದಾಗಿ ಅದನ್ನೇ ಕೇಳಿ. ಮೂರನೆಯದು ‘ಫಾರ್ ಸೆಂಟಿಮೆಂಟಲ್ ರೀಸನ್ಸ್’, ಬಂದಿದ್ದು 1986ರಲ್ಲಿ. ಅದರ ಕೆಲಸ ನಡೆಯುತ್ತಿರುವಾಗಲೇ, 1985ರ ಅಕ್ಟೋಬರ್‌ನಲ್ಲಿ, ರಿಡ್ಲ್ ತೀರಿಕೊಂಡರು. ಉಳಿದ ಹಾಡುಗಳಿಗೆ ಆರ್ಕೆಸ್ಟ್ರಾವನ್ನು ಬೇರೆಯವರು ನಡೆಸಬೇಕಾಯಿತು. ಆ ಆಲ್ಬಂ ನಾನು ಇನ್ನೂ ಎಲ್‌ಪಿಯಲ್ಲಿ ಹುಡುಕುತ್ತಿದ್ದೇನೆ. ಸಿಕ್ಕರೆ ಈ ಸಲ ದೀಪದ ಕೆಳಗೆ ಹಿಡಿದು ನೋಡಿಯೇ ತರುತ್ತೇನೆ.