ರೆಡ್‌ಮೈನ್: ಮೂರು ಅಡಿಕೆ ಸೀಸನ್ ಬಳಸಿದ ಮೇಲೆ

ನಮ್ಮದು ಶಿವಮೊಗ್ಗದ ಹೊರವಲಯದ ಸಣ್ಣ ವರ್ಕ್‌ಶಾಪು. ಅಡಿಕೆ ಸುಲಿಯುವ ಯಂತ್ರ ಮಾಡುತ್ತೇವೆ, ಮಾರಿದ್ದನ್ನು ರಿಪೇರಿಯೂ ಮಾಡುತ್ತೇವೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಆಚೆ ಕೊಪ್ಪ, ಶೃಂಗೇರಿವರೆಗೂ ಗಿರಾಕಿಗಳಿದ್ದಾರೆ. ಕೊಯ್ಲು ಶುರುವಾಯಿತೆಂದರೆ ಫೋನಿಗೆ ಬಿಡುವಿಲ್ಲ. ಕೆಂಪಡಿಕೆ ಮಾಡುವವರ ಮನೆಯಲ್ಲಿ ಹಸಿ ಕಾಯಿ ನಮಗಾಗಿ ಕಾಯುವುದಿಲ್ಲ, ಕೊಯ್ದದ್ದನ್ನು ಸುಲಿದು ಬೇಯಿಸಲೇಬೇಕು. 2021ರ ಸೀಸನ್ನಿನಲ್ಲಿ ಒಬ್ಬ ಬೆಳೆಗಾರರ ದೂರು ಬರೆದ ಚೀಟಿ ನಮ್ಮ ಮೇಜಿನ ಡ್ರಾಯರಿನಲ್ಲಿ ನಾಲ್ಕು ದಿನ ಬಿದ್ದಿತ್ತು. ಐದನೇ ದಿನ ಅವರೇ ಬಸ್ಸು ಹತ್ತಿ ಬಂದರು. "ಕಾಯಿ ಕೆಟ್ಟೋಯ್ತು ಮಾರಾಯ್ರೆ. ಬರಕ್ಕಾಗಲ್ಲ ಅಂತಾದ್ರೂ ಒಂದು ಮಾತು ಹೇಳ್ಬಹುದಿತ್ತಲ್ಲ" ಎಂದರು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಚೀಟಿ ಬಿಟ್ಟು ಬೇರೆ ವ್ಯವಸ್ಥೆ ಹುಡುಕಿದ್ದು ಆವತ್ತಿನಿಂದ. ಸಿಕ್ಕಿದ್ದು ರೆಡ್‌ಮೈನ್, ದೂರುಗಳನ್ನು ಬರೆದಿಟ್ಟು ಮುಗಿಯುವವರೆಗೂ ಬೆನ್ನು ಹತ್ತಲು ನೆರವಾಗುವ ತಂತ್ರಾಂಶ.

ರೆಡ್‌ಮೈನ್ ಹೊಸದೇನಲ್ಲ. ಜಾನ್-ಫಿಲಿಪ್ ಲಾಂಗ್ ಇದನ್ನು ಮೊದಲು ಹೊರತಂದದ್ದು 2006ರಲ್ಲಿ. ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯ 'ರೂಬಿ ಆನ್ ರೈಲ್ಸ್' ಚೌಕಟ್ಟಿನ ಮೇಲೆ ಕಟ್ಟಿದ, ಯಾರು ಬೇಕಾದರೂ ಬಳಸಿ ಬದಲಿಸಿಕೊಳ್ಳಬಹುದಾದ ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ. ತಲೆಗಿಷ್ಟು ಎಂದು ತಿಂಗಳ ಬಾಡಿಗೆ ಇಲ್ಲ, ನಮ್ಮ ಲೆಕ್ಕ ನಮ್ಮ ಯಂತ್ರದಲ್ಲೇ ಇರುತ್ತದೆ. ತಂತ್ರಾಂಶದ ದೋಷಗಳನ್ನು ಬರೆದಿಟ್ಟು ಬೆನ್ನು ಹತ್ತಲು ಅದನ್ನು ಹೆಚ್ಚಾಗಿ ಬಳಸುತ್ತಾರೆ, ನಿಜ. ಆದರೆ ಹರಿದ ಬೆಲ್ಟಿಗೂ ಬೇಕಾದದ್ದು ಅದೇ: ಯಾರು ಹೇಳಿದರು, ಯಾರು ಹೋದರು, ಏನಾಯಿತು.

ಇನ್ನು ಇನ್‌ಸ್ಟಾಲ್ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಕೈಬಿಡುವವರು ಕೈಬಿಡುವುದು ಇಲ್ಲೇ.

2022ರ ಜೂನ್. ಆಫೀಸಿನ ಸರ್ವರ್ ಎಂದರೆ ಫೈಲು ಹಂಚಿಕೊಳ್ಳಲು ಇಟ್ಟ ಹಳೆಯ ಡೆಸ್ಕ್‌ಟಾಪ್, ಅದರಲ್ಲಿ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ 16.04 ಆವೃತ್ತಿ. ನಾನು ಇಳಿಸಿಕೊಂಡದ್ದು ಆ ವರ್ಷ ಮಾರ್ಚಿನಲ್ಲಿ ಬಂದಿದ್ದ ರೆಡ್‌ಮೈನ್ 5.0. ಅದಕ್ಕೆ ಬೇಕಾದ ರೂಬಿ ಬಿಡಿಭಾಗಗಳನ್ನು ತಂದು ಜೋಡಿಸುವ ಬಂಡ್ಲರ್ ಮೊದಲ ಹೆಜ್ಜೆಯಲ್ಲೇ ನಿಂತಿತು. ಉಬುಂಟು 16.04ರಲ್ಲಿ ಬರುವ ರೂಬಿ 2.3, ರೆಡ್‌ಮೈನ್ 5.0 ಕೇಳುವುದು ಕನಿಷ್ಠ 2.5. ಹೊಸ ರೂಬಿಯನ್ನು ಅದರ ಮೂಲ ಕೋಡಿನಿಂದ ನಾನೇ ಕಟ್ಟಿಕೊಳ್ಳಲು, ಅಂದರೆ ಕಂಪೈಲ್ ಮಾಡಲು ಹೊರಟೆ. ಹೊರಗೆ ಮಳೆ ಹಿಡಿದು ಕೂತಿತ್ತು, ಗಂಟೆಗೊಮ್ಮೆ ಕರೆಂಟು ಹೋಗುತ್ತಿತ್ತು, ಇಂಟರ್ನೆಟ್ ಲೈನು ಅರ್ಧ ಇಳಿದಾಗ ಕಡಿದುಹೋಗುತ್ತಿತ್ತು. ಮೂರು ಸಂಜೆ ಕಳೆದವು.

ಆಮೇಲೆ ಹಿಂದಕ್ಕೆ ಸರಿದು 4.2 ಹಾಕಿದೆ. ಅದಕ್ಕೆ ರೂಬಿ 2.3 ಸಾಕು. ಎಲ್ಲ ಏರಿತು, ಮುಖಪುಟ ತೆರೆಯಿತು. ಮೊದಲ ದೂರನ್ನು ಕನ್ನಡದಲ್ಲಿ ಟೈಪ್ ಮಾಡಿದೆ: "ಬೆಲ್ಟ್ ಹರಿದಿದೆ". ಉಳಿಸು ಎಂದ ಕೂಡಲೇ 500 ಎಂಬ ದೋಷದ ಪುಟ. ಇಂಗ್ಲಿಷಿನಲ್ಲಿ ಬರೆದರೆ ಸರಿಹೋಗುತ್ತಿತ್ತು! ಲಾಗ್ ಫೈಲ್ ನೋಡಿದರೆ 'ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ' ಎಂದಿತ್ತು. ಮೈಎಸ್‌ಕ್ಯುಎಲ್ 5.7ರಲ್ಲಿ (ದೂರುಗಳನ್ನೆಲ್ಲ ಕೂಡಿಡುವ ಡೇಟಾಬೇಸ್ ತಂತ್ರಾಂಶ) ಡೇಟಾಬೇಸ್ ಮಾಡುವಾಗ ಅಕ್ಷರ ವಿಧಾನ, ಅಂದರೆ ಅಕ್ಷರಗಳನ್ನು ಸಂಕೇತವಾಗಿ ಉಳಿಸುವ ಕ್ರಮ, ಯಾವುದೆಂದು ಹೇಳದಿದ್ದರೆ ಅದು ಯುರೋಪಿನ ಭಾಷೆಗಳಿಗಾಗಿ ಮಾಡಿದ ಲ್ಯಾಟಿನ್1 ಎಂದುಕೊಳ್ಳುತ್ತದೆ. ಕನ್ನಡದ ಒಂದೊಂದು ಅಕ್ಷರಸಂಕೇತಕ್ಕೆ ಎಲ್ಲ ಲಿಪಿಗಳಿಗೂ ಆಗುವ ಯುಟಿಎಫ್-8 ವಿಧಾನದಲ್ಲಿ ಮೂರು ಬೈಟು ಬೇಕು, ಲ್ಯಾಟಿನ್1ರಲ್ಲಿ ಅದಕ್ಕೆ ಜಾಗವೇ ಇಲ್ಲ. ರೆಡ್‌ಮೈನಿನ ಕೈಪಿಡಿಯಲ್ಲಿ ಡೇಟಾಬೇಸ್ ಮಾಡುವ ಸಾಲಿನಲ್ಲೇ ಅಕ್ಷರ ವಿಧಾನವನ್ನೂ ಬರೆದಿದ್ದಾರೆ. ಆ ಸಾಲನ್ನು ನಾನು ಅರ್ಧ ಮಾತ್ರ ನಕಲು ಮಾಡಿದ್ದೆ. ಕನ್ನಡದಲ್ಲಿ ಕೆಲಸ ಮಾಡುವವರು ಮೊದಲ ದಿನವೇ ಒಂದು ಕನ್ನಡ ಸಾಲು ಬರೆದು ಪರೀಕ್ಷಿಸಿ. ನೂರು ದೂರು ಸೇರಿದ ಮೇಲೆ ಇದು ಗೊತ್ತಾದರೆ ಸರಿಪಡಿಸುವುದು ಕಷ್ಟ.

ಕೊನೆಗೆ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಹೊಸ ಎಸ್‌ಎಸ್‌ಡಿ ಹಾಕಿ, ಉಬುಂಟು 20.04 ಕೂರಿಸಿದೆ. ಅದರ ಜೊತೆ ಬರುವ ರೂಬಿ 2.7 ಮತ್ತು ಪೋಸ್ಟ್‌ಗ್ರೆಸ್ 12 ಡೇಟಾಬೇಸ್ ಎರಡೂ ರೆಡ್‌ಮೈನ್ 5.0ಕ್ಕೆ ಹೊಂದುತ್ತವೆ. ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಹಳೆಯ ಸರ್ವರ್ ಉಳಿಸಿಕೊಳ್ಳಬೇಕೆಂಬ ಆಸೆಗೆ ಎರಡು ವಾರ ಕೊಟ್ಟಿದ್ದೆ. ಯಾವ ರೆಡ್‌ಮೈನಿಗೆ ಯಾವ ರೂಬಿ ಎಂಬ ಪಟ್ಟಿ ಅವರ ಇನ್‌ಸ್ಟಾಲ್ ಪುಟದ ಮೇಲ್ಭಾಗದಲ್ಲೇ ಇದೆ. ತಂತ್ರಾಂಶ ಇಳಿಸುವ ಮೊದಲು ಅದನ್ನು ನಿಮ್ಮ ಸರ್ವರ್ ಜೊತೆ ಹೊಂದಿಸಿ ನೋಡಿ.

ಆಮೇಲೂ ಸಣ್ಣಪುಟ್ಟ ಮುಳ್ಳುಗಳಿದ್ದವು. ಕೆಲವು ಆದೇಶಗಳನ್ನು ನಾನು ರೂಟ್ (ಎಲ್ಲ ಅಧಿಕಾರವೂ ಇರುವ ಬಳಕೆದಾರ) ಆಗಿ ಕೊಟ್ಟಿದ್ದರಿಂದ ಲಾಗ್, ಫೈಲ್ಸ್ ಫೋಲ್ಡರುಗಳು ರೂಟ್ ಹೆಸರಿಗೆ ಹೋಗಿ, ಫೋಟೊ ಸೇರಿಸಲು ಬರುತ್ತಿರಲಿಲ್ಲ. ಅದನ್ನು ಸರಿಮಾಡಿದ ಮೇಲೂ ದೊಡ್ಡ ಫೋಟೊ ಏರಲಿಲ್ಲ. ರೆಡ್‌ಮೈನಿನ ಮುಂದೆ ನಿಂತು ಬ್ರೌಸರಿನಿಂದ ಬಂದದ್ದನ್ನು ಒಳಗೆ ಬಿಡುವ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಾನಾಗಿ 1 ಎಂಬಿಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ, ರೆಡ್‌ಮೈನಿನ ಮಿತಿ 5 ಎಂಬಿ. ಎರಡು ಕಡೆಯೂ ಬದಲಿಸಬೇಕು, ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ ಪ್ರಯೋಜನವಿಲ್ಲ. ಇಮೇಲ್ ಕೂಡ ಹೋಗುತ್ತಿರಲಿಲ್ಲ. ನಾನು ನೋಡಿಕೊಂಡು ಮಾಡುತ್ತಿದ್ದ ಮಾರ್ಗದರ್ಶಿ ಹಳೆಯದು. 2022ರ ಮೇ 30ರಿಂದ ಜಿಮೇಲ್ ಮಾಮೂಲಿ ಪಾಸ್‌ವರ್ಡಿನ ಮೇಲೆ ಇಂಥ ತಂತ್ರಾಂಶಗಳನ್ನು ಬಿಟ್ಟುಕೊಳ್ಳುವುದಿಲ್ಲ. ಎರಡು ಹಂತದ ಪರಿಶೀಲನೆ ಹಾಕಿ ಬೇರೆ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಇಮೇಲ್ ವಿವರ ಬರೆಯುವ ರೆಡ್‌ಮೈನಿನ ಸಂರಚನಾ ಫೈಲಿನಲ್ಲಿ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮೊದಲು ನಾನು ರೆಡ್‌ಮೈನನ್ನು ವೆಬ್ರಿಕ್ ಎಂಬ ಸಣ್ಣ ವೆಬ್ ಸರ್ವರ್ ಮೇಲೆ, ತೆರೆದ ಟರ್ಮಿನಲ್ಲಿನಲ್ಲೇ ಓಡಿಸಿದ್ದೆ. ಅದು ಪರೀಕ್ಷೆಗೆ ಮಾತ್ರ ಎಂದು ಕೈಪಿಡಿ ಹೇಳುತ್ತದೆ. ರಾತ್ರಿ ಕರೆಂಟು ಹೋಗಿ ಬಂದರೆ ಬೆಳಿಗ್ಗೆ ರೆಡ್‌ಮೈನ್ ಸತ್ತಿರುತ್ತಿತ್ತು, ಆಫೀಸಿನ ಅಕ್ಕ ನನಗೆ ಫೋನ್ ಮಾಡುತ್ತಿದ್ದರು. ಈಗ ಪ್ಯೂಮಾ ಎಂಬ ಇನ್ನೊಂದು ವೆಬ್ ಸರ್ವರ್ ಮೇಲೆ, ಲಿನಕ್ಸಿನಲ್ಲಿ ಸೇವೆಗಳನ್ನು ತಾನಾಗಿ ಎಬ್ಬಿಸುವ ಸಿಸ್ಟಮ್‌ಡಿಗೆ ಸೇರಿಸಿ ಇಟ್ಟಿದ್ದೇನೆ. ಯಂತ್ರ ಏಳುವಾಗ ಅದೂ ಏಳುತ್ತದೆ. ಜೊತೆಗೆ ಯುಪಿಎಸ್ ಇದೆ.

ಬಳಕೆಯ ವಿಷಯಕ್ಕೆ ಬರುತ್ತೇನೆ. ಮೆನುಗಳನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿದ್ದೇವೆ, ಆದರೆ ದಿನವೂ ಕಣ್ಣಿಗೆ ಬೀಳುವ ಹೆಸರುಗಳನ್ನೆಲ್ಲ ನಾವೇ ಕೊಡಬಹುದು. ನಮ್ಮಲ್ಲಿ ಕೆಲಸದ ಬಗೆಗಳು 'ರಿಪೇರಿ', 'ಹೊಸ ಜೋಡಣೆ', 'ಬಿಡಿಭಾಗ'. ಸ್ಥಿತಿಗಳು 'ಬಂತು', 'ಹೊರಟರು', 'ಸಾಮಾನು ಬೇಕು', 'ಮುಗೀತು'. ಇಷ್ಟಾದ ಮೇಲೆ ಮೆಕ್ಯಾನಿಕ್‌ಗಳಿಗೆ ಹೇಳಿಕೊಡಲು ಒಂದು ಗಂಟೆ ಸಾಕಾಯಿತು. ಸರ್ವರನ್ನು ನಾನು ಹೊರಗಿನ ಇಂಟರ್ನೆಟ್ಟಿಗೆ ತೆರೆದಿಲ್ಲ, ಅದನ್ನು ಸದಾ ಕಾಯುವಷ್ಟು ಸಮಯ ನನಗಿಲ್ಲ. ಘಟ್ಟದ ಕಡೆ ಎಷ್ಟೋ ಊರಲ್ಲಿ ಸಿಗ್ನಲ್ಲೂ ಇಲ್ಲ. ಹುಡುಗರು ಬೆಳಿಗ್ಗೆ ಆಫೀಸಿನಲ್ಲಿ ಪಟ್ಟಿ ನೋಡಿಕೊಂಡು ಹೊರಡುತ್ತಾರೆ, ಸಿಗ್ನಲ್ ಸಿಕ್ಕ ಕಡೆಯಿಂದ ವಾಟ್ಸಾಪಿನಲ್ಲಿ ಫೋಟೊ ಕಳಿಸುತ್ತಾರೆ, ಅಕ್ಕ ಅದನ್ನು ಸೇರಿಸುತ್ತಾರೆ.

ನನಗೆ ತುಂಬಾ ಬೆಲೆಯೆನಿಸಿದ್ದು ನಾವೇ ಸೇರಿಸಿಕೊಳ್ಳಬಹುದಾದ ಕಸ್ಟಮ್ ಫೀಲ್ಡುಗಳು. ಯಂತ್ರದ ಸೀರಿಯಲ್ ನಂಬರು, ಊರು, ಮೋಟಾರು ಸಿಂಗಲ್ ಫೇಸೋ ತ್ರೀ ಫೇಸೋ ಎಂದು ಮೂರು ಹಾಕಿದ್ದೇವೆ. ಎರಡನೇ ಸೀಸನ್ನಿನಲ್ಲಿ ಸೀರಿಯಲ್ ನಂಬರಿನ ಮೇಲೆ ಜಾಲಾಡುತ್ತಿದ್ದಾಗ, ತೀರ್ಥಹಳ್ಳಿ ಕಡೆಯ ಒಂದೇ ಯಂತ್ರಕ್ಕೆ ಎರಡು ತಿಂಗಳಲ್ಲಿ ಮೂರು ಸಲ ಬೆಲ್ಟ್ ಬದಲಿಸಿದ್ದು ಕಂಡಿತು. ಹೋದವರು ಮೂವರು ಬೇರೆ ಬೇರೆ ಹುಡುಗರು. ಪ್ರತಿಯೊಬ್ಬರೂ ಬೆಲ್ಟ್ ಹಾಕಿ, ಓಡಿಸಿ ನೋಡಿ ಬಂದಿದ್ದರು. ನಾನೇ ಹೋಗಿ ನೋಡಿದೆ. ಮೋಟಾರಿನ ಪುಲ್ಲಿ ಒಂದೆಳೆ ಓರೆಯಾಗಿ ಕೂತಿತ್ತು, ಬೆಲ್ಟಿನ ಅಂಚು ಸವೆಯುತ್ತಿತ್ತು. ಬೋಲ್ಟ್ ಬಿಚ್ಚಿ ನೇರ ಮಾಡಿ ಬಂದೆ, ಆ ಮನೆಯಿಂದ ಮತ್ತೆ ಬೆಲ್ಟಿನ ದೂರು ಬಂದಿಲ್ಲ. ಚೀಟಿಯ ಕಾಲದಲ್ಲಿ ಇದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಗ್ಯಾಂಟ್ ಚಾರ್ಟು, ವಿಕಿ ಎಲ್ಲ ಇದೆ. ನಮಗೆ ಬೇಕಾಗಲಿಲ್ಲ.

ಕನ್ನಡದಲ್ಲಿ ಹುಡುಕುವಾಗ ಸ್ವಲ್ಪ ತೊಡಕಿದೆ. 'ಬೇರಿಂಗ್‌ಗೆ' ಎಂದು ಒಬ್ಬರು ಗಕಾರಕ್ಕೆ ಒತ್ತು ಬೀಳದಂತೆ ಟೈಪ್ ಮಾಡಿದರೆ, 'ಬೇರಿಂಗ್ಗೆ' ಎಂದು ಹುಡುಕಿದಾಗ ಅದು ಸಿಗುವುದಿಲ್ಲ. ಅದಕ್ಕೇ ಪ್ರತ್ಯಯ ಬಿಟ್ಟು ಬರೀ 'ಬೇರಿಂಗ್' ಎಂದು ಹುಡುಕುತ್ತೇವೆ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ, ಯುನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನಲ್ಲಿದ್ದ ನಮ್ಮ ಗಿರಾಕಿ ಪಟ್ಟಿಯನ್ನು ನೇರ ಅಂಟಿಸಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು ಬಂತು. ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

2023ರ ಏಪ್ರಿಲ್‌ನಲ್ಲಿ ಸಿಡಿಲು ಬಡಿದು ರೌಟರ್, ಸರ್ವರಿನ ಪವರ್ ಸಪ್ಲೈ, ಡಿಸ್ಕು ಮೂರೂ ಹೋದವು. ಡೇಟಾಬೇಸಿನ ನಕಲು ದಿನವೂ ಪೆನ್‌ಡ್ರೈವಿಗೆ ಹೋಗುತ್ತಿತ್ತು, ದೂರುಗಳೆಲ್ಲ ವಾಪಸ್ ಬಂದವು. ಫೋಟೊಗಳು ಬರಲಿಲ್ಲ. ಲಗತ್ತುಗಳು ಡೇಟಾಬೇಸಿನಲ್ಲಿ ಇರುವುದಿಲ್ಲ, ಫೈಲ್ಸ್ ಫೋಲ್ಡರಿನಲ್ಲಿ ವರ್ಷ, ತಿಂಗಳ ಪ್ರಕಾರ ಕೂತಿರುತ್ತವೆ. ಅದನ್ನು ನಾನು ಬ್ಯಾಕಪ್ಪಿಗೆ ಸೇರಿಸಿರಲಿಲ್ಲ. ಒಂದು ಸೀಸನ್ನಿನ ಫೋಟೊಗಳು ಹೋದವು. ಈಗ ಎರಡನ್ನೂ ತೆಗೆಯುತ್ತೇನೆ, ಒಂದು ಪ್ರತಿ ಮನೆಯಲ್ಲಿರುತ್ತದೆ.

ಅಪ್‌ಗ್ರೇಡ್ ಎರಡು ಸಲ ಮಾಡಿದ್ದೇನೆ. 5.0ದಿಂದ 5.1ಕ್ಕೆ ಹೋಗಲು ತೊಂದರೆಯಾಗಲಿಲ್ಲ, ರೂಬಿ 2.7 ಅದಕ್ಕೂ ನಡೆಯುತ್ತದೆ. 2024ರ ನವೆಂಬರಿನಲ್ಲಿ ಬಂದ 6.0ಕ್ಕೆ ರೂಬಿ 3.1 ಅಥವಾ ಮೇಲಿನದು ಬೇಕು. ಉಬುಂಟು 20.04ರ ಮಾಮೂಲಿ ಬೆಂಬಲವೂ 2025ರ ಮೇಯಲ್ಲಿ ಮುಗಿಯುವುದಿತ್ತು. ಹಾಗಾಗಿ ಈ ಸಲ ಹಳೆಯದಕ್ಕೆ ಅಂಟಿಕೊಳ್ಳದೆ, ಸೀಸನ್ ಮುಗಿದ ಬೇಸಿಗೆಯಲ್ಲಿ ಇನ್ನೊಂದು ಯಂತ್ರದಲ್ಲಿ ಉಬುಂಟು 24.04 ಕೂರಿಸಿ, ಅದರ ರೂಬಿ 3.2ರ ಮೇಲೆ 6.0 ಹಾಕಿ, ಡೇಟಾಬೇಸ್ ಮತ್ತು ಫೈಲ್ಸ್ ಫೋಲ್ಡರ್ ತಂದು, ಒಂದು ವಾರ ಎರಡನ್ನೂ ಓಡಿಸಿ ನೋಡಿದೆ. ಬೇರೆಯವರು ಬರೆದ ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯದ ತುಣುಕು, ಒಂದನ್ನೂ ಹಾಕಿರಲಿಲ್ಲ. ಕೆಲಸ ಸಲೀಸಾಗಿ ಮುಗಿದದ್ದಕ್ಕೆ ಅದೂ ಒಂದು ಕಾರಣ.

ಲಿನಕ್ಸ್ ಆದೇಶಗಳಿಗೆ ಹೆದರದ ಒಬ್ಬರು ನಿಮ್ಮ ಆಫೀಸಿನಲ್ಲಿದ್ದರೆ ಧೈರ್ಯವಾಗಿ ಹಾಕಿಸಿ. ಯಾರೂ ಇಲ್ಲದಿದ್ದರೆ ಇದು ಬೇಡ. ಹಾಕಿಕೊಟ್ಟು ಹೋದವರನ್ನು ಸೀಸನ್ ಮಧ್ಯೆ ಹುಡುಕಿಕೊಂಡು ಹೋಗುವಂತಾಗುತ್ತದೆ. ನಾನು ಕೊಡುವ ಅಂಕ ಐದಕ್ಕೆ ನಾಲ್ಕು, ಕಳೆದ ಒಂದು ಅಂಕ ಇನ್‌ಸ್ಟಾಲ್ ಕಷ್ಟಕ್ಕೆ.

ಈಗ ದೂರು ಬರೆದ ಕೂಡಲೇ ಅಕ್ಕ ಬೆಳೆಗಾರರಿಗೆ ದೂರಿನ ನಂಬರು ಹೇಳುತ್ತಾರೆ. ಕಳೆದ ಸೀಸನ್ನಿನಲ್ಲಿ, ಐದನೇ ದಿನ ಬಸ್ಸು ಹತ್ತಿ ಬಂದಿದ್ದ ಅದೇ ಬೆಳೆಗಾರರು ಫೋನ್ ಮಾಡಿ, ಹೆಸರು ಹೇಳುವ ಮೊದಲೇ ನಂಬರು ಹೇಳಿದರು. ಅಕ್ಕ ಪರದೆ ನೋಡಿ, "ಹುಡುಗ ಹೊರಟಿದ್ದಾನೆ, ಮಧ್ಯಾಹ್ನದೊಳಗೆ ಬರ್ತಾನೆ, ಬೇರಿಂಗೂ ಕಳಿಸಿದೀವಿ" ಎಂದರು.